ಸಿಂಪರಣಾ ಯಂತ್ರಗಳ ಪಾಲನೆ ಮತ್ತು ಸಿಂಪರಣೆಗೆ ತಕ್ಕ ನೀರಿನ ಆಯ್ಕೆ

ಮುಂಗಾರು ಬಿತ್ತನೆ ಮುಗಿದು ಬೆಳೆ ಮೊಳಕಾಲೆತ್ತರ ಬರುವ ಹೊತ್ತಿಗೆ, ಕೃಷಿ ಔಷಧಿಗಳನ್ನು ಮಾರುವ ಪ್ರತಿಯೊಬ್ಬ ವರ್ತಕರೂ ಒಂದು ಮಾತನ್ನು ಕೇಳಲೇಬೇಕಾಗುತ್ತದೆ: "ನೀವು ಕೊಟ್ಟ ಔಷಧಿ ಕೆಲಸ ಮಾಡಲಿಲ್ಲ." ಈ ಮಾತಿನ ಹಿಂದೆ ರೈತರ ನಷ್ಟವಿದೆ, ಬಾಕಿ ಉಳಿಯುವ ಸಾಲದ ಲೆಕ್ಕವಿದೆ, ವರ್ಷಗಳ ಗಿರಾಕಿಯನ್ನು ಕಳೆದುಕೊಳ್ಳುವ ಭಯವೂ ಇದೆ. ಔಷಧಿಯೇ ಕಳಪೆಯಾಗಿದ್ದರೆ ಅದಕ್ಕೆ ಕಾನೂನಿನ ಮಾರ್ಗವಿದೆ. ಆದರೆ ಸರಿಯಾದ ಔಷಧಿಯೂ ಹೊಲದಲ್ಲಿ ಸೋಲಲು ಎರಡು ಸಾಮಾನ್ಯ ಕಾರಣಗಳಿವೆ. ಒಂದು, ಔಷಧಿಯನ್ನು ಬೆರೆಸಿದ ನೀರು. ಇನ್ನೊಂದು, ಅದನ್ನು ಸಿಂಪಡಿಸಿದ ಯಂತ್ರ. ಇವೆರಡರ ವಿಚಾರದಲ್ಲಿ ವರ್ತಕರು, ಬಿಡಿಭಾಗಗಳ ತಯಾರಕರು ಹಾಗೂ ದುರಸ್ತಿಗಾರರು ತಿಳಿದಿರಬೇಕಾದ ಸಂಗತಿಗಳನ್ನು ಈ ಲೇಖನದಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ನೀರಿನ ಪಾತ್ರ

ಲೀಟರಿಗೆ 2 ಮಿ.ಲೀ. ಪ್ರಮಾಣದಲ್ಲಿ ಔಷಧಿ ಬೆರೆಸಿದಾಗ ಸಿಂಪರಣಾ ದ್ರಾವಣದಲ್ಲಿ ಶೇ. 99ಕ್ಕಿಂತ ಹೆಚ್ಚು ಭಾಗ ನೀರೇ ಇರುತ್ತದೆ. ಔಷಧಿಯ ಬ್ಯಾಚ್ ಸಂಖ್ಯೆ, ತಯಾರಿಕಾ ದಿನಾಂಕ, ಅವಧಿ ಮೀರುವ ದಿನಾಂಕಗಳನ್ನು ಎಚ್ಚರಿಕೆಯಿಂದ ನೋಡುವ ನಾವು, ದ್ರಾವಣದ ಬಹುಪಾಲಾಗಿರುವ ನೀರಿನ ಬಗ್ಗೆ ವಿಚಾರಿಸುವುದೇ ಇಲ್ಲ. ಸಿಂಪರಣೆಗೆ ಬಳಸುವ ನೀರಿನಲ್ಲಿ ಮುಖ್ಯವಾಗಿ ಮೂರು ಗುಣಗಳನ್ನು ಪರಿಶೀಲಿಸಬೇಕು: ಗಡಸುತನ, ರಸಸಾರ ಮತ್ತು ತಿಳಿತನ.

ಗಡಸುತನ

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳಿಂದ ಗಡಸುತನ ಉಂಟಾಗುತ್ತದೆ. ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 10500 (2012) ಪ್ರಕಾರ ಒಟ್ಟು ಗಡಸುತನದ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿ.ಗ್ರಾಂ.; ಬೇರೆ ಮೂಲವಿಲ್ಲದಿದ್ದಾಗ 600 ಮಿ.ಗ್ರಾಂ. ವರೆಗೆ ಸಮ್ಮತಿ ಇದೆ. ನಮ್ಮ ಬಯಲುಸೀಮೆಯ ಆಳವಾದ ಕೊಳವೆಬಾವಿಗಳಲ್ಲಿ ಗಡಸು ನೀರು ಸಾಮಾನ್ಯ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪೊರೆ, ನೊರೆ ಬಾರದ ಸಾಬೂನು, ಇವೇ ಅದರ ಗುರುತು.

ಎಮಲ್ಷನ್ ರೂಪದ, ಅಂದರೆ ಇ.ಸಿ. ಎಂದು ಗುರುತಿಸಲಾಗುವ ಔಷಧಿಗಳು ನೀರಿಗೆ ಬಿದ್ದೊಡನೆ ಹಾಲಿನಂತೆ ಬೆಳ್ಳಗಾಗಿ ಸಮವಾಗಿ ಹರಡಿಕೊಳ್ಳಬೇಕು. ಈ ಸ್ಥಿರತೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಲೀಟರಿಗೆ 342 ಮಿ.ಗ್ರಾಂ. ಗಡಸುತನದ ಪ್ರಮಾಣಿತ ನೀರನ್ನು ಬಳಸುವ ಪದ್ಧತಿ ಅಂತರರಾಷ್ಟ್ರೀಯವಾಗಿ ರೂಢಿಯಲ್ಲಿದೆ. ಇದರಿಂದ ವರ್ತಕರು ಗ್ರಹಿಸಬೇಕಾದ ಅಂಶವೆಂದರೆ, ಅಂತಹ ನೀರಿನಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಔಷಧಿ ಅದರ ಎರಡು ಪಟ್ಟು ಗಡಸಾದ ಕೊಳವೆಬಾವಿ ನೀರಿನಲ್ಲಿಯೂ ಹಾಗೆಯೇ ನಿಲ್ಲುತ್ತದೆಂಬ ಖಾತ್ರಿ ಇಲ್ಲ. ಎಮಲ್ಷನ್ ಒಡೆದರೆ ಎಣ್ಣೆಯಂಶ ಮೇಲೆ ತೇಲುತ್ತದೆ. ಮೊದಲ ಸಾಲುಗಳಿಗೆ ಒಂದು ಪ್ರಮಾಣ, ಕೊನೆಯ ಸಾಲುಗಳಿಗೆ ಮತ್ತೊಂದು ಪ್ರಮಾಣ ಬೀಳುತ್ತದೆ. ಒಂದೆಡೆ ಎಲೆ ಸುಟ್ಟು, ಇನ್ನೊಂದೆಡೆ ಕೀಟ ಹಾಗೆಯೇ ಉಳಿದಿದ್ದರೆ ಈ ದೋಷವನ್ನು ಮೊದಲು ಶಂಕಿಸಬೇಕು.

ಕಳೆನಾಶಕಗಳ ವಿಚಾರದಲ್ಲಿ ಗಡಸುತನದ ತೊಂದರೆ ಇನ್ನೂ ಹೆಚ್ಚು. 2,4-ಡಿ ಅಮೈನ್ ಲವಣ, ಗ್ಲೈಫೋಸೇಟ್ ಮುಂತಾದವು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೊಡನೆ ಕೂಡಿಕೊಂಡು, ಎಲೆಯೊಳಗೆ ಸುಲಭವಾಗಿ ಇಳಿಯದ ರೂಪವನ್ನು ತಾಳುತ್ತವೆ. ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಪರಿಹಾರ ಅಮೋನಿಯಂ ಸಲ್ಫೇಟ್. ಲೀಟರ್ ನೀರಿಗೆ 10ರಿಂದ 20 ಗ್ರಾಂ. ಪ್ರಮಾಣದಲ್ಲಿ ಮೊದಲು ಇದನ್ನು ಕರಗಿಸಿ, ಬಟ್ಟೆಯಲ್ಲಿ ಸೋಸಿ, ಅನಂತರವೇ ಕಳೆನಾಶಕವನ್ನು ಬೆರೆಸಬೇಕು. ಕ್ರಮ ತಿರುವುಮುರುವಾದರೆ ಪ್ರಯೋಜನ ಕಡಿಮೆ. ಗ್ಲೈಫೋಸೇಟ್ ಬಳಕೆಯನ್ನು ಕೀಟ ನಿಯಂತ್ರಣ ಸೇವಾದಾರರಿಗೆ ಸೀಮಿತಗೊಳಿಸಿ ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿದ್ದನ್ನು ವರ್ತಕರು ಗಮನದಲ್ಲಿಟ್ಟುಕೊಂಡು, ಮಾರಾಟಕ್ಕೆ ಮುನ್ನ ಜಾರಿಯಲ್ಲಿರುವ ನಿಯಮವನ್ನು ಕೃಷಿ ಇಲಾಖೆಯಲ್ಲಿ ಖಚಿತಪಡಿಸಿಕೊಳ್ಳುವುದು ಒಳಿತು.

ರಸಸಾರ

ನೀರು ಆಮ್ಲೀಯವೋ ಕ್ಷಾರೀಯವೋ ಎಂಬುದನ್ನು ಸೂಚಿಸುವ ಅಳತೆಯೇ ರಸಸಾರ, ಅಂದರೆ ಪಿಎಚ್. 7 ತಟಸ್ಥ, ಅದಕ್ಕಿಂತ ಮೇಲೆ ಕ್ಷಾರ, ಕೆಳಗೆ ಆಮ್ಲ. ಹಲವು ಔಷಧಿಗಳು ಕ್ಷಾರ ನೀರಿನಲ್ಲಿ ತಾವಾಗಿಯೇ ವಿಘಟನೆ ಹೊಂದುತ್ತವೆ. ಕ್ಯಾಪ್ಟಾನ್ ಶಿಲೀಂಧ್ರನಾಶಕ ಇದಕ್ಕೆ ಉತ್ತಮ ಉದಾಹರಣೆ. ರಸಸಾರ 5 ಇರುವಾಗ ಅದರ ಅರ್ಧಭಾಗ ನಾಶವಾಗಲು ಒಂದು ದಿನಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. 7ರಲ್ಲಿ ಸುಮಾರು 8 ಗಂಟೆ. 8ಕ್ಕೆ ಏರಿದರೆ ಸುಮಾರು 10 ನಿಮಿಷ ಮಾತ್ರ. ಬೆಳಿಗ್ಗೆ ಡ್ರಮ್ಮಿನಲ್ಲಿ ಬೆರೆಸಿ, ಕೂಲಿಯವರು ಬಂದ ಮೇಲೆ ಸಿಂಪಡಿಸಿದರೆ ಗಿಡಕ್ಕೆ ಬೀಳುವುದು ಬಹುಮಟ್ಟಿಗೆ ಬರಿಯ ನೀರು. ಮೆಲಾಥಿಯಾನ್, ಡೈಮಿಥೋಯೇಟ್‌ಗಳಂತಹ ರಂಜಕಯುಕ್ತ ಕೀಟನಾಶಕಗಳೂ ಕ್ಷಾರದಲ್ಲಿ ಬೇಗ ಶಕ್ತಿಗುಂದುತ್ತವೆ.

ಹಾಗೆಂದು ಎಲ್ಲ ಔಷಧಿಗಳಿಗೂ ಆಮ್ಲ ಬೆರೆಸುವುದು ತಪ್ಪು. ಮೆಟ್‌ಸಲ್ಫ್ಯೂರಾನ್, ಕ್ಲೋರಿಮ್ಯುರಾನ್ ವರ್ಗದ ಕಳೆನಾಶಕಗಳು ಆಮ್ಲದಲ್ಲಿಯೇ ಬೇಗ ವಿಘಟನೆಯಾಗುತ್ತವೆ. ತಾಮ್ರಯುಕ್ತ ಶಿಲೀಂಧ್ರನಾಶಕಗಳಿಗೆ ಆಮ್ಲ ಸೇರಿದರೆ ತಾಮ್ರ ಅತಿಯಾಗಿ ಕರಗಿ ಎಲೆ ಹಾಗೂ ಕಾಯಿ ಸುಡುತ್ತವೆ. ಅಡಿಕೆಯ ಕೊಳೆರೋಗಕ್ಕೆ ಮಲೆನಾಡು, ಕರಾವಳಿಗಳಲ್ಲಿ ಬಳಸುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ ಮತ್ತು 1 ಕೆ.ಜಿ. ಸುಣ್ಣ ಇರುತ್ತವೆ. ಇಲ್ಲಿ ಸುಣ್ಣದ ಕೆಲಸವೇ ಮೈಲುತುತ್ತದ ಆಮ್ಲೀಯತೆಯನ್ನು ತಗ್ಗಿಸುವುದು. ತಿಕ್ಕಿ ಹೊಳಪಿಸಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದೆಂದು ತಿಳಿಯಬೇಕು. ಇದೇ ಕಾರಣದಿಂದ ಈ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ತಯಾರಿಸಬಾರದು.

ಆದುದರಿಂದ ಚೀಟಿಯ ಮೇಲೆ ಮುದ್ರಿತವಾದ ಸೂಚನೆಯೇ ಪ್ರಮಾಣ. ಆಮ್ಲೀಯಗೊಳಿಸುವ ಅಗತ್ಯವಿದ್ದಲ್ಲಿ ಸಿಟ್ರಿಕ್ ಆಮ್ಲವನ್ನು ಬಳಸಬಹುದು. ಆದರೆ ಎಷ್ಟು ಗ್ರಾಂ. ಬೇಕೆಂಬುದು ಆಯಾ ನೀರಿನ ಕ್ಷಾರತೆಯನ್ನು ಅವಲಂಬಿಸಿದೆ. ಒಂದು ಲೀಟರ್ ನೀರಿಗೆ ಅಳತೆ ಮಾಡಿ ಸ್ವಲ್ಪಸ್ವಲ್ಪವೇ ಸೇರಿಸುತ್ತ, ಪಟ್ಟಿಯಲ್ಲಿ ರಸಸಾರ ನೋಡಿ, ಆ ಲೆಕ್ಕವನ್ನು ಡ್ರಮ್ಮಿಗೆ ವಿಸ್ತರಿಸಿಕೊಳ್ಳಬೇಕು.

ಕೆಸರು ಮತ್ತು ನೀರಿನ ಮೂಲಗಳು

ನೀರಿನಲ್ಲಿ ತೇಲುವ ಜೇಡಿಯ ಕಣಗಳು ಮತ್ತು ಕೊಳೆತ ಸಸ್ಯಾಂಶಗಳು ಕೆಲವು ಔಷಧಿಗಳನ್ನು ತಮ್ಮ ಮೈಗೆ ಅಂಟಿಸಿಕೊಂಡುಬಿಡುತ್ತವೆ. ಪ್ಯಾರಾಕ್ವಾಟ್, ಗ್ಲೈಫೋಸೇಟ್‌ಗಳು ಮಣ್ಣಿಗೆ ತಾಗಿದೊಡನೆ ನಿಷ್ಕ್ರಿಯವಾಗುವುದು ಇದೇ ಕಾರಣಕ್ಕೆ; ಕೆಸರು ನೀರಿನಲ್ಲಿ ಬೆರೆಸಿದರೆ ಆ ಕ್ರಿಯೆ ಟ್ಯಾಂಕಿನೊಳಗೇ ನಡೆದುಹೋಗುತ್ತದೆ. ಇದಲ್ಲದೆ ಮರಳಿನ ಸೂಕ್ಷ್ಮ ಕಣಗಳು ನಾಜಲ್ ಹಾಗೂ ವಾಷರುಗಳನ್ನು ಅರದಂತೆ ಸವೆಸುತ್ತವೆ.

ಮೂಲಗಳ ವಿಚಾರಕ್ಕೆ ಬಂದರೆ, ಮಳೆನೀರು ಎಲ್ಲಕ್ಕಿಂತ ಮೆದು. ರಾಜ್ಯದಲ್ಲಿ 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಡಿ ನಿರ್ಮಾಣವಾದ ಕೃಷಿಹೊಂಡಗಳ ನೀರು ಈ ದೃಷ್ಟಿಯಿಂದ ಉಪಯುಕ್ತ. ಆದರೆ ಕೆಸರು, ಪಾಚಿಗಳು ಇರುವುದರಿಂದ ಡ್ರಮ್ಮಿನಲ್ಲಿ ಒಂದು ರಾತ್ರಿ ತಂಗಲು ಬಿಟ್ಟು, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಕಾಲುವೆ ಮತ್ತು ಕೆರೆಯ ನೀರಿಗೂ ಇದೇ ಕ್ರಮ. ಕೊಳವೆಬಾವಿಯ ನೀರು ತಿಳಿಯಾಗಿ ಕಂಡರೂ ಗಡಸಾಗಿರಬಹುದು. ಕಣ್ಣಿನ ನೋಟವನ್ನು ನಂಬಲಾಗದು. ಹೊಸದಾಗಿ ಕಟ್ಟಿದ ಸಿಮೆಂಟು ತೊಟ್ಟಿಯಲ್ಲಿ ನಿಂತ ನೀರಿಗೆ ಸುಣ್ಣದಂಶ ಬಿಟ್ಟುಕೊಂಡು ರಸಸಾರ ಏರುತ್ತದೆ. ಗ್ರಾಮಗಳ ಶುದ್ಧ ಕುಡಿಯುವ ನೀರಿನ ಘಟಕಗಳಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಲವಣಗಳು ಮೂಲ ನೀರಿಗಿಂತ ಸಾಂದ್ರವಾಗಿರುತ್ತವೆ. ಪುಕ್ಕಟೆ ಸಿಗುತ್ತದೆಂದು ಅದನ್ನು ಸಿಂಪರಣೆಗೆ ಬಳಸಕೂಡದು.

ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆ

ವರ್ತಕರು ತಮ್ಮ ಅಂಗಡಿಯಲ್ಲಿ ರಸಸಾರ ಪಟ್ಟಿಗಳು, ಗಡಸುತನ ಅಳೆಯುವ ಹನಿ ಪರೀಕ್ಷೆಯ ಪೆಟ್ಟಿಗೆ ಮತ್ತು ಒಂದೆರಡು ಗಾಜಿನ ಜಾಡಿಗಳನ್ನು ಇಟ್ಟುಕೊಂಡರೆ ಸಾಕು. ಟಿಡಿಎಸ್ ಮಾಪಕವು ಒಟ್ಟು ಲವಣಾಂಶವನ್ನು ತೋರಿಸುತ್ತದೆಯೇ ವಿನಾ ಗಡಸುತನವನ್ನಲ್ಲ ಎಂಬುದನ್ನು ಮರೆಯಬಾರದು.

ಎರಡು ಮೂರು ಔಷಧಿಗಳನ್ನು ಒಟ್ಟಿಗೆ ಬೆರೆಸಲು ಬಯಸುವ ಗಿರಾಕಿಗೆ ಜಾಡಿ ಪರೀಕ್ಷೆ ಮಾಡಿ ತೋರಿಸಬಹುದು. ಅವರ ಹೊಲದ ನೀರನ್ನೇ ತರಿಸಿ ಜಾಡಿಯಲ್ಲಿ ಅರ್ಧ ಲೀಟರ್ ತೆಗೆದುಕೊಳ್ಳಬೇಕು. ಮೊದಲು ಪುಡಿ ಅಥವಾ ಹರಳು ರೂಪದವು, ಬಳಿಕ ಗಟ್ಟಿ ದ್ರವ ರೂಪದ ಎಸ್.ಸಿ., ಆಮೇಲೆ ಎಣ್ಣೆಯಂಶದ ಇ.ಸಿ., ಕೊನೆಗೆ ನೀರಿನಲ್ಲಿ ಪೂರ್ಣ ಕರಗುವ ಎಸ್.ಎಲ್. ಔಷಧಿಗಳನ್ನು ಒಂದು ಲೀಟರಿಗೆ ಬೇಕಾದ ಪ್ರಮಾಣದಲ್ಲಿ ಒಂದೊಂದಾಗಿ ಸೇರಿಸಿ ಕಲಕಿ, ಉಳಿದ ಅರ್ಧ ಲೀಟರ್ ನೀರನ್ನು ತುಂಬಬೇಕು. ಅರ್ಧ ಗಂಟೆಯ ನಂತರ ಗರಣೆ, ತಳದಲ್ಲಿ ಗಟ್ಟಿ ಗಷ್ಟು, ಮೇಲೆ ಎಣ್ಣೆಯ ಪದರ ಅಥವಾ ಬಿಸಿಯೇರಿಕೆ ಕಂಡುಬಂದರೆ ಆ ಮಿಶ್ರಣ ಸಲ್ಲದು. ಪರೀಕ್ಷೆಯಲ್ಲಿ ಸಮವಾಗಿ ನಿಂತ ಮಾತ್ರಕ್ಕೆ ಬೆಳೆಗೆ ಸುರಕ್ಷಿತವೆಂದು ಅರ್ಥವಲ್ಲ. ಚೀಟಿಯಲ್ಲಿ ಬೆರಕೆ ನಿಷೇಧಿಸಿದ್ದರೆ ಜಾಡಿ ಪರೀಕ್ಷೆಯ ಪ್ರಶ್ನೆಯೇ ಇಲ್ಲ. ಕೈಗವಸು ಧರಿಸಿ, ಗಾಳಿಯಾಡುವ ಸ್ಥಳದಲ್ಲಿ ಈ ಕೆಲಸ ಮಾಡತಕ್ಕದ್ದು.

ನಾಜಲ್: ಚಿಕ್ಕ ಭಾಗ, ದೊಡ್ಡ ಲೆಕ್ಕ

ಸಿಂಪಡಕದ ಬಿಡಿಭಾಗಗಳಲ್ಲಿ ಅತ್ಯಂತ ಅಗ್ಗದ್ದೂ, ಅತ್ಯಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದೂ ನಾಜಲ್. ಕೀಟನಾಶಕ, ಶಿಲೀಂಧ್ರನಾಶಕಗಳಿಗೆ ಟೊಳ್ಳು ಶಂಕುವಿನಾಕಾರದಲ್ಲಿ ಸಣ್ಣ ಹನಿ ಚೆಲ್ಲುವ ನಾಜಲ್ ಬೇಕು. ಕಳೆನಾಶಕಕ್ಕೆ ಬೀಸಣಿಗೆಯಾಕಾರದ ಅಥವಾ ಫ್ಲಡ್‌ಜೆಟ್ ನಾಜಲ್ ಬೇಕು. ಒಂದರ ಬದಲಿಗೆ ಇನ್ನೊಂದನ್ನು ಬಳಸಿದರೆ ಕಳೆನಾಶಕದ ಸಣ್ಣ ಹನಿಗಳು ಗಾಳಿಗೆ ಹಾರಿ ಪಕ್ಕದ ಹೊಲಕ್ಕೆ ಬೀಳುತ್ತವೆ.

ನಾಜಲ್ ಸವೆದಂತೆ ಅದರ ರಂಧ್ರ ದೊಡ್ಡದಾಗುತ್ತದೆ. ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ನೋಡೋಣ. ಹೊಸ ನಾಜಲ್ ನಿಮಿಷಕ್ಕೆ 800 ಮಿ.ಲೀ. ಬಿಡುತ್ತದೆ, ಸಿಂಪರಣೆಯ ಅಗಲ 1 ಮೀಟರ್, ನಡಿಗೆ ನಿಮಿಷಕ್ಕೆ 40 ಮೀಟರ್ ಎಂದಿಟ್ಟುಕೊಳ್ಳಿ. ಒಂದು ಎಕರೆ, ಅಂದರೆ 4,047 ಚದರ ಮೀಟರ್ ಮುಗಿಸಲು ಸುಮಾರು 101 ನಿಮಿಷ ಬೇಕು; ಖರ್ಚಾಗುವ ದ್ರಾವಣ ಸುಮಾರು 81 ಲೀಟರ್, ಅಂದರೆ 16 ಲೀಟರಿನ 5 ಟ್ಯಾಂಕು. ಟ್ಯಾಂಕಿಗೆ 100 ಮಿ.ಲೀ. ಔಷಧಿಯಂತೆ ಎಕರೆಗೆ ಸುಮಾರು 500 ಮಿ.ಲೀ. ಆಯಿತು. ನಾಜಲ್ ಸವೆದು ನಿಮಿಷಕ್ಕೆ 1 ಲೀಟರ್ ಬಿಡತೊಡಗಿದರೆ ಅದೇ ಎಕರೆಗೆ 101 ಲೀಟರ್ ದ್ರಾವಣ, ಸುಮಾರು 630 ಮಿ.ಲೀ. ಔಷಧಿ ಬೇಕಾಗುತ್ತದೆ. ಔಷಧಿಯ ಬೆಲೆ ಲೀಟರಿಗೆ 1,000 ರೂ. ಎಂದುಕೊಂಡರೂ ಪ್ರತಿ ಎಕರೆಗೆ, ಪ್ರತಿ ಸಲ 130 ರೂ. ವ್ಯರ್ಥ. ಹೀಗೆ ವ್ಯರ್ಥವಾದುದು ಬೆಳೆಗೆ ಹಿತವೂ ಅಲ್ಲ. ಸವೆದ ನಾಜಲಿನ ಹನಿ ದಪ್ಪವಾಗಿ ಎಲೆಯಿಂದ ಜಾರಿ ನೆಲ ಸೇರುತ್ತದೆ. ಇನ್ನು ರೈತರು ಎಣಿಕೆಯ 5 ಟ್ಯಾಂಕಿಗೆ ನಿಲ್ಲಿಸಿದರೆ ಎಕರೆಯ ಐದನೆಯ ಒಂದು ಭಾಗಕ್ಕೆ ಔಷಧಿಯೇ ಬೀಳುವುದಿಲ್ಲ.

ಪರೀಕ್ಷೆ ಸುಲಭ. ಒಂದೇ ಒತ್ತಡದಲ್ಲಿ ಒಂದು ನಿಮಿಷ ಬರಿಯ ನೀರು ಬಿಟ್ಟು ಅಳತೆಯ ಪಾತ್ರೆಯಲ್ಲಿ ಹಿಡಿಯಬೇಕು. ಹೊಸ ನಾಜಲಿಗಿಂತ ಶೇ. 10ಕ್ಕೂ ಹೆಚ್ಚು ಹೊರಬಂದರೆ ಬದಲಿಸತಕ್ಕದ್ದು. ಹಿತ್ತಾಳೆಯ ನಾಜಲ್ ಬೇಗ ಸವೆಯುತ್ತದೆ. ಸ್ಟೇನ್‌ಲೆಸ್ ಉಕ್ಕು ಮತ್ತು ಸೆರಾಮಿಕ್ ಹೆಚ್ಚು ಬಾಳುತ್ತವೆ. ಕಟ್ಟಿಕೊಂಡ ನಾಜಲನ್ನು ಗುಂಡುಸೂಜಿ, ತಂತಿಗಳಿಂದ ಚುಚ್ಚಬಾರದು. ಮೆದು ಬ್ರಷ್ಷಿನಿಂದ ಉಜ್ಜಬೇಕು. ಬಾಯಿಂದ ಊದುವುದನ್ನಂತೂ ಯಾವ ಕಾರಣಕ್ಕೂ ಮಾಡಕೂಡದು.

ಯಂತ್ರದ ಇತರ ಭಾಗಗಳ ಪಾಲನೆ

ಕೈಚಾಲಿತ ಸಿಂಪಡಕ: ಟ್ಯಾಂಕಿನ ಬಾಯಿ, ಹಿಡಿಕೆ ಮತ್ತು ನಾಜಲಿನ ಹಿಂದಿರುವ ಶೋಧಕಗಳನ್ನು ಪ್ರತಿ ದಿನ ತೊಳೆಯಬೇಕು. ಚರ್ಮದ ವಾಷರ್ ಇದ್ದಲ್ಲಿ ಋತುವಿನ ಆರಂಭದಲ್ಲಿ ಎಣ್ಣೆಯಲ್ಲಿ ನೆನೆಸಿ ಹಾಕಬೇಕು. ಹಿಡಿಕೆಯ ಸಂದಿಯಲ್ಲಿ ಸೋರಿದ ದ್ರಾವಣ ಸಿಂಪಡಿಸುವವರ ಕೈಗೂ ಬೆನ್ನಿಗೂ ಇಳಿಯುತ್ತದೆ. ಹತ್ತು ರೂಪಾಯಿಯ ವಾಷರಿನ ಉಳಿತಾಯ ಆರೋಗ್ಯದ ಮೇಲೆ ಬರುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿ ಬೆಳೆಗೆ ಔಷಧಿ ಸಿಂಪಡಿಸುತ್ತಿದ್ದ ಹಲವು ರೈತರು ಮತ್ತು ಕೂಲಿಕಾರರು ವಿಷಬಾಧೆಯಿಂದ ಮೃತಪಟ್ಟ ದುರಂತವನ್ನು ನಮ್ಮ ವ್ಯಾಪಾರದಲ್ಲಿರುವವರು ಮರೆಯಬಾರದು.

ಬ್ಯಾಟರಿ ಸಿಂಪಡಕ: ಸೀಸ-ಆಮ್ಲ ಬ್ಯಾಟರಿಯನ್ನು ಖಾಲಿಯಾದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಅದು ಮತ್ತೆ ಪೂರ್ಣ ಚಾರ್ಜ್ ಹಿಡಿಯುವುದಿಲ್ಲ. ಪೂರ್ತಿ ಚಾರ್ಜ್ ಮಾಡಿ ಇಟ್ಟು, ಬಳಕೆಯಿಲ್ಲದ ಕಾಲದಲ್ಲಿಯೂ ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ಲಿಥಿಯಂ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜಿನಲ್ಲಿ ತಂಪಾದ ಜಾಗದಲ್ಲಿ ಇಡುವುದು ಲೇಸು. ವಾರಂಟಿ ದೂರುಗಳಲ್ಲಿ ಬ್ಯಾಟರಿಯದೇ ಮುಖ್ಯ ತಕರಾರಾದುದರಿಂದ, ಈ ಸೂಚನೆಯನ್ನು ಕನ್ನಡದಲ್ಲಿ ಮುದ್ರಿಸಿ ಯಂತ್ರದೊಡನೆ ಕೊಡುವುದು ಮಾರಾಟಗಾರರಿಗೇ ಲಾಭ.

ಎಂಜಿನ್ ಚಾಲಿತ ಸಿಂಪಡಕ: ಎರಡು ಸ್ಟ್ರೋಕಿನ ಎಂಜಿನ್ನಿಗೆ ತಯಾರಕರ ಸೂಚನೆಯಂತೆ, ಸಾಮಾನ್ಯವಾಗಿ ಲೀಟರ್ ಪೆಟ್ರೋಲಿಗೆ 25ರಿಂದ 40 ಮಿ.ಲೀ. ಎಣ್ಣೆ ಬೆರೆಸಬೇಕು, ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಎಣ್ಣೆ ಪ್ರತ್ಯೇಕ. ಋತು ಮುಗಿದ ಮೇಲೆ ಇಂಧನವನ್ನು ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಎಂಜಿನ್ ಓಡಿಸಿ ನಿಲ್ಲಿಸಬೇಕು. ತೋಟಗಳಲ್ಲಿ ಬಳಸುವ ಎಚ್.ಟಿ.ಪಿ. ಪಂಪುಗಳನ್ನು ನೀರಿಲ್ಲದೆ ಓಡಿಸಬಾರದು.

ತೊಳೆಯುವ ಕ್ರಮ

ಸಿಂಪರಣೆ ಮುಗಿದ ದಿನವೇ ಟ್ಯಾಂಕನ್ನು ಶುದ್ಧ ನೀರಿನಿಂದ ಮೂರು ಸಲ ತೊಳೆದು, ಪ್ರತಿ ಸಲವೂ ಆ ನೀರನ್ನು ಪೈಪು ಮತ್ತು ನಾಜಲಿನ ಮೂಲಕ ಹಾಯಿಸಬೇಕು. ತೊಳೆದ ನೀರನ್ನು ಸಿಂಪಡಿಸಿದ ಹೊಲದಲ್ಲಿಯೇ ಚೆಲ್ಲಬೇಕು. ಬಾವಿ, ಕೆರೆ, ದನದ ತೊಟ್ಟಿಗಳ ಬಳಿ ಸಲ್ಲದು.

2,4-ಡಿ ಬಳಸಿದ ಸಿಂಪಡಕಕ್ಕೆ ಈ ಕ್ರಮ ಸಾಲದು. ಅದರ ಅತ್ಯಲ್ಪ ಶೇಷವೂ ಹತ್ತಿ, ಟೊಮೆಟೊ, ದ್ರಾಕ್ಷಿ ಬೆಳೆಗಳ ಎಲೆಗಳನ್ನು ಮುದುಡಿಸಿ ವಿಕಾರಗೊಳಿಸುತ್ತದೆ. ಕಬ್ಬಿಗೋ ಮೆಕ್ಕೆಜೋಳಕ್ಕೋ ಬಳಸಿದ ಸಿಂಪಡಕವನ್ನು ಮರುವಾರ ಟೊಮೆಟೊಗೆ ಬಳಸಿದರೆ, ಅಪವಾದ ಬರುವುದು ಟೊಮೆಟೊಗೆ ಕೊಟ್ಟ ಔಷಧಿಯ ಮೇಲೆ. ಮೂರು ಸಲ ತೊಳೆದ ನಂತರ ಲೀಟರಿಗೆ 10 ಮಿ.ಲೀ. ಪ್ರಮಾಣದಲ್ಲಿ ಮನೆಬಳಕೆಯ ಅಮೋನಿಯಾ ದ್ರಾವಣ ಬೆರೆಸಿದ ನೀರನ್ನು ತುಂಬಿ, ಪೈಪಿನವರೆಗೂ ಹಾಯಿಸಿ, ಒಂದು ರಾತ್ರಿ ಬಿಟ್ಟು ಪುನಃ ತೊಳೆಯಬೇಕು. ಅಮೋನಿಯಾದೊಡನೆ ಬ್ಲೀಚಿಂಗ್ ದ್ರಾವಣವನ್ನು ಎಂದೂ ಸೇರಿಸಬಾರದು, ವಿಷಾನಿಲ ಉಂಟಾಗುತ್ತದೆ. ಎಲ್ಲಕ್ಕಿಂತ ಸುರಕ್ಷಿತ ಮಾರ್ಗವೆಂದರೆ ಕಳೆನಾಶಕಕ್ಕೇ ಬೇರೊಂದು ಸಿಂಪಡಕವನ್ನು ಗುರುತು ಹಾಕಿ ಇಟ್ಟುಕೊಳ್ಳುವುದು.

ತಯಾರಕರಿಗೂ ದುರಸ್ತಿಗಾರರಿಗೂ

ಈ ಮೇಲಿನ ಸಂಗತಿಗಳಲ್ಲಿ ಸಣ್ಣ ಕೈಗಾರಿಕೆಗಳಿಗೆ ಅವಕಾಶವೂ ಅಡಗಿದೆ. ಮಾರುಕಟ್ಟೆಯಲ್ಲಿ ದೊರೆಯುವ ಅನೇಕ ಬಿಡಿ ನಾಜಲುಗಳ ಮೇಲೆ ಯಾವ ಅಳತೆಯೂ ಇರುವುದಿಲ್ಲ. ಅಂತರರಾಷ್ಟ್ರೀಯ ಮಾನಕ ಐಎಸ್ಒ 10625 ಬಣ್ಣಗಳ ಮೂಲಕ ನಾಜಲಿನ ಹರಿವನ್ನು ಸೂಚಿಸುತ್ತದೆ: 3 ಬಾರ್ ಒತ್ತಡದಲ್ಲಿ ಹಳದಿ ನಿಮಿಷಕ್ಕೆ 0.8 ಲೀಟರ್, ನೀಲಿ 1.2 ಲೀಟರ್, ಕೆಂಪು 1.6 ಲೀಟರ್. ಈ ಪದ್ಧತಿಯನ್ನು ಅನುಸರಿಸಿ, ಹರಿವನ್ನು ಪರೀಕ್ಷಿಸಿ, ಪೊಟ್ಟಣದ ಮೇಲೆ ಮುದ್ರಿಸಿದ ನಾಜಲಿಗೆ ವರ್ತಕರು ವಿಶ್ವಾಸದಿಂದ ಬೆಲೆ ಕೊಡಬಲ್ಲರು. ವಾಷರ್ ಮತ್ತು ಓ-ರಿಂಗುಗಳಲ್ಲಿ ಸಾಧಾರಣ ರಬ್ಬರ್ ಇ.ಸಿ. ಔಷಧಿಗಳ ದ್ರಾವಕಗಳಿಗೆ ಉಬ್ಬಿ ಹಾಳಾಗುತ್ತದೆ; ವಿಟಾನ್ ದುಬಾರಿಯಾದರೂ ಹೆಚ್ಚು ತಾಳಿಕೊಳ್ಳುತ್ತದೆ. ಕೈಚಾಲಿತ ಬೆನ್ನು ಸಿಂಪಡಕಗಳಿಗೆ ಭಾರತೀಯ ಮಾನಕ ಐಎಸ್ 3906 ಇದೆ. ಹೊಸದಾಗಿ ಈ ಕ್ಷೇತ್ರಕ್ಕೆ ಬರುವವರು ಅದನ್ನು ಮೊದಲು ಓದಿಕೊಳ್ಳುವುದು ಅವಶ್ಯ.

ದುರಸ್ತಿಗಾರರು ತೊಳೆಯದ ಸಿಂಪಡಕವನ್ನು ಬಿಚ್ಚಲು ಒಪ್ಪಿಕೊಳ್ಳಬಾರದು. ಕೊನೆಯ ಬಾರಿ ಯಾವ ಔಷಧಿ ಹಾಕಲಾಗಿತ್ತೆಂದು ಕೇಳಿ ಚೀಟಿಯಲ್ಲಿ ಬರೆದುಕೊಂಡು, ಕೈಗವಸಿನೊಡನೆ ಕೆಲಸ ಮಾಡಬೇಕು. ಋತುವಿಗೆ ಮುನ್ನ, ಏಪ್ರಿಲ್-ಮೇ ತಿಂಗಳಲ್ಲಿ, ಔಷಧಿ ಅಂಗಡಿಯವರೊಡನೆ ಕೂಡಿ ಸಿಂಪಡಕ ತಪಾಸಣಾ ದಿನವನ್ನು ಏರ್ಪಡಿಸಿದರೆ ಬಿಡಿಭಾಗಗಳ ಮಾರಾಟವೂ ಆಗುತ್ತದೆ, ಋತುವಿನ ನಡುವೆ ಬರುವ ದೂರೂ ತಗ್ಗುತ್ತದೆ.

ದೂರು ಬಂದಾಗ

ಬೀಜಕ್ಕೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ರೈತರೂ ಗ್ರಾಹಕರೇ ಎಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ತೀರ್ಪು ನೀಡಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಮಾರಾಟಗಾರರ ಹೊಣೆಯನ್ನೂ ಸ್ಪಷ್ಟಪಡಿಸಿದೆ. ಆದುದರಿಂದ ದೂರನ್ನು ಅಲ್ಲಗಳೆಯದೆ, ಆರು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಬರೆದಿಡುವುದು ಕ್ಷೇಮ:

1. ನೀರು ಯಾವ ಮೂಲದ್ದು? ಅದರ ಮಾದರಿ ತಂದಿರುವಿರಾ?
2. ಬೆರೆಸಿದ ಎಷ್ಟು ಹೊತ್ತಿನ ಮೇಲೆ ಸಿಂಪಡಿಸಿದಿರಿ?
3. ಜೊತೆಗೆ ಬೇರೆ ಏನನ್ನು ಬೆರೆಸಿದಿರಿ? ಯಾವ ಕ್ರಮದಲ್ಲಿ?
4. ಎಕರೆಗೆ ಎಷ್ಟು ಟ್ಯಾಂಕು ಹಿಡಿಯಿತು?
5. ನಾಜಲ್ ಯಾವುದು, ಯಾವಾಗ ಬದಲಿಸಿದ್ದು?
6. ಆ ಸಿಂಪಡಕಕ್ಕೆ ಹಿಂದಿನ ಸಲ ಯಾವ ಔಷಧಿ ಹಾಕಿದ್ದಿರಿ?

ಈ ಉತ್ತರಗಳೊಡನೆ ಬಿಲ್ಲಿನ ಬ್ಯಾಚ್ ಸಂಖ್ಯೆಯೂ ಇದ್ದರೆ, ದೋಷ ಔಷಧಿಯದೋ, ನೀರಿನದೋ, ಯಂತ್ರದ್ದೋ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಔಷಧಿಯ ಮೇಲೆಯೇ ಸಂಶಯ ಉಳಿದರೆ ಕಂಪನಿಗೂ ಕೃಷಿ ಇಲಾಖೆಗೂ ಲಿಖಿತವಾಗಿ ತಿಳಿಸಲು ಹಿಂಜರಿಯಬಾರದು. ಗಿರಾಕಿಯ ಪಾಲಿಗೆ ನ್ಯಾಯ ಯಾವುದೋ ಅದೇ ವರ್ತಕರ ಹೆಸರನ್ನೂ ಕಾಯುತ್ತದೆ.

ಕೃಷಿ ಪರಿಕರ ಮಾರಾಟಗಾರರಿಗಾಗಿ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಆರಂಭಿಸಿದ 'ದೇಸಿ' ಡಿಪ್ಲೊಮಾದ ಉದ್ದೇಶವೂ ಇದೇ: ಅಂಗಡಿಕಾರರು ಬರಿಯ ಮಾರಾಟಗಾರರಾಗಿ ಉಳಿಯದೆ ರೈತರಿಗೆ ತಿಳಿವಳಿಕೆ ಕೊಡಬಲ್ಲವರಾಗಬೇಕು. ಮುಂದಿನ ಋತುವಿನೊಳಗೆ ಪ್ರತಿ ಸದಸ್ಯ ಬಂಧುವೂ ಒಂದು ಗಾಜಿನ ಜಾಡಿ, ಒಂದು ಅಳತೆಯ ಪಾತ್ರೆ, ಒಂದು ಕಟ್ಟು ರಸಸಾರ ಪಟ್ಟಿಗಳನ್ನು ತಮ್ಮ ಅಂಗಡಿಯಲ್ಲಿ ಇರಿಸಿಕೊಳ್ಳಲಿ. ಈ ಅಲ್ಪ ವೆಚ್ಚ ಮೊದಲ ದೂರಿನಲ್ಲಿಯೇ ವಸೂಲಾಗುತ್ತದೆ.